ಹತ್ತಿ ತೆಗೆಯಲಾಗದ ಹಾಸಿಗೆ

ಫೆಬ್ರವರಿ ೩

ನನ್ನ ದಿಂಬೇ,

ನಾನು ಗಟ್ಟಿಯಾಗಿದ್ದೇನೆ. ಎಡಗಿವಿ ಸತ್ತಿದೆ, ಬಲಗಿವಿ ಅದರ ಹಿಂದೆಯೇ ಹೋಗಲು ಗಂಟುಮೂಟೆ ಕಟ್ಟುತ್ತಿದೆ. ಮೊನ್ನೆ ನೀನು ಫೋನಿನಲ್ಲಿ ಏನೋ ಕಿರುಚಿದೆ, ನನಗೆ ಕೇಳಿಸಿದ್ದು ಬರೀ ಗೊರಗೊರ. ಪಕ್ಕದ ಬೀಗ ರಿಪೇರಿಯವನ ಕೈಗೆ ಫೋನು ಕೊಟ್ಟು "ಏನಂತೆ ಕೇಳೋ" ಅಂದೆ. ಅವನು ಕೇಳಿಸಿಕೊಂಡು, ನಾಚಿಕೊಂಡು, ನನ್ನ ಕಿವಿಗೆ ಬಾಯಿಟ್ಟು "ನಾಲ್ಕು ತಿಂಗಳ ಬಸುರಿಯಂತೆ ಅಜ್ಜೀ!" ಅಂತ ಕೂಗಿದ. ಯಾರು ಅಂತ ಹೇಳಲಿಲ್ಲ. ಎದುರಿನ ಸೈಕಲ್ ಅಂಗಡಿಯವನು ಬಂದು ನನಗೇ ಶುಭವಾಗಲಿ ಅಂದು ಹೋದ. ಈ ವಯಸ್ಸಿನಲ್ಲಿ ನನಗೆ ಇದೊಂದು ಬಾಕಿ ಇತ್ತು.

ಇನ್ನು ಫೋನು ಬೇಡ, ಕಾಗದ ಬರೆ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಆದರೆ ಅಲ್ಲಿ ಕಲಿತದ್ದನ್ನು ಬಿಟ್ಟಿಲ್ಲ.

ಅಂಗಡಿಯಲ್ಲಿ ಕೈ ತುಂಬ ಕೆಲಸ. ಬೆಳಗಿನಿಂದ ಒಂದು ಹಳೆ ಹಾಸಿಗೆಯ ಹೊಟ್ಟೆ ಸೀಳಿ, ಹತ್ತಿ ಹೊರಗೆ ಎಳೆದು, ಕೋಲಿನಿಂದ ಬಡಿಯುತ್ತಿದ್ದೇನೆ. ಗಂಡ ಹೆಂಡತಿ ಇಪ್ಪತ್ತು ವರ್ಷ ಅದರ ಮೇಲೆ ಮಲಗಿ ಜಗಳವಾಡಿದ್ದಾರೆ, ಕಲ್ಲಾಗಿದೆ. ಬಡಿದರೆ ಧೂಳಿನ ಜೊತೆ ಅವರ ಬೈಗುಳವೂ ಏಳುತ್ತದೆಯೇನೋ ಅನ್ನಿಸುತ್ತದೆ.

ಈಗ ಸರಿಯಾಗಿ ಉತ್ತರ ಕೊಡು. ತೂಕ ಎಷ್ಟಿದ್ದೀಯ? ಸುಳ್ಳು ಹೇಳಬೇಡ. ನಿನ್ನ ಮದುವೆಯ ಬಟ್ಟೆಯ ಪಕ್ಕದ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಅಗಲ ಮಾಡಿದ್ದು ನಾನೇ. ನಿನ್ನ ಅವ್ವ ಕಡ್ಡಿಯಂತಿದ್ದಳು. ನೀನು ಹುಟ್ಟಿದಾಗ ನನ್ನ ಅಂಗೈ ಉದ್ದ ಇದ್ದೆ, ನಿನ್ನ ಹೊಕ್ಕುಳಬಳ್ಳಿಯ ಜೊತೆ ಬಿದ್ದ ಮಾಸು ಒಣಗಿದ ಎಲೆಯಷ್ಟು. ಹೆರಿಗೆ ಮಾಡಿಸಿದವಳು ಅದನ್ನು ಎತ್ತಿ ತೋರಿಸಿ, "ತಾಯಿ ಮೈಯಲ್ಲಿ ಏನೂ ಇರಲಿಲ್ಲ, ಮಾಸಿಗೆಲ್ಲಿಂದ ಬರಬೇಕು" ಅಂದಿದ್ದಳು. ಅವ್ವ ಹೋದಮೇಲೆ ನಿನ್ನನ್ನು ತುಂಬಿಸಿ ತುಂಬಿಸಿ ದಿಂಬು ಮಾಡಿದವಳು ನಾನು. ಆ ಹೆಸರು ಸುಮ್ಮನೆ ಬಂದದ್ದಲ್ಲ.

ಅಳಿಯ ದೇವರಿಗೆ ನಮಸ್ಕಾರ ತಿಳಿಸು.

ಅಜ್ಜಿ


ಫೆಬ್ರವರಿ ೧೭

ಅಜ್ಜೀ,

ಸೈಕಲ್ ಅಂಗಡಿಯವನ ಮಾತು ಓದಿ ಎಷ್ಟು ನಕ್ಕೆನೆಂದರೆ ಇವರು ಹೊರಗಿನಿಂದ ಬಂದು ಏನಾಯಿತು ಅಂತ ಕೇಳಿದರು.

ನೀನು ತೂಕ ಕೇಳುವ ಮುಂಚೆಯೇ ಇಲ್ಲಿ ಎಲ್ಲರೂ ಕೇಳಿಯಾಗಿದೆ. ಡಾಕ್ಟರಮ್ಮ ನನ್ನನ್ನು ಪರೀಕ್ಷೆ ಮಾಡಿ ಹೇಳಿದರು: "ನೋಡಮ್ಮ, ಬಸುರಿಯಾಗೋ ಮುಂಚೆ ತಾಯಿ ಎಷ್ಟು ತೂಕ ಇದ್ಲು ಅನ್ನೋದು ಮಾಸಿಗೆ ಗೊತ್ತಾಗುತ್ತೆ. ತೀರಾ ಜಾಸ್ತಿ ಇದ್ರೆ ಅದು ದೊಡ್ಡದಾಗಿ ಬೆಳೆಯುತ್ತೆ, ಆದ್ರೆ ಗಾತ್ರಕ್ಕೆ ತಕ್ಕಷ್ಟು ಕೆಲಸ ಮಾಡಲ್ಲ. ಅದರ ರಕ್ತನಾಳ ಸರಿಯಾಗಿ ತೆರ್ಕೊಳ್ಳಲ್ಲ." ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಅಂಗಳಕ್ಕೆ ಲಾರಿ ಬಂದಿದೆ ಅಂತ ಇವರಿಗೆ ಫೋನು ಬಂತು. "ಗೊತ್ತಾಯ್ತು ಬಿಡಿ, ತೂಕ ಜಾಸ್ತಿ, ಮಾಸು ಕೆಡುತ್ತೆ" ಅಂತ ಎದ್ದುಬಿಟ್ಟರು. ನಾನೂ ಹಿಂದೆ ಎದ್ದೆ.

ಇವರ ಗುಜರಿ ಅಂಗಳ ನೀನು ನೋಡಿಲ್ಲವಲ್ಲ. ಒಂದು ಕಡೆ ತುಕ್ಕು ಹಿಡಿದ ಕಬ್ಬಿಣದ ರಾಶಿ, ಇನ್ನೊಂದು ಕಡೆ ಡಬ್ಬಗಳನ್ನು ಅಮುಕಿ ಇಟ್ಟಿಗೆ ಮಾಡುವ ಯಂತ್ರ. ಅದು ಒಂದೊಂದು ಸಲ ಮುಚ್ಚಿದಾಗಲೂ ನಮ್ಮ ಅಡುಗೆಮನೆಯ ಲೋಟ ಕುಣಿಯುತ್ತದೆ. ಗೇಟಿನ ಹತ್ತಿರ ನೆಲಕ್ಕೆ ಹೂತ ದೊಡ್ಡ ತಕ್ಕಡಿ. ಅದನ್ನು ನೋಡಿಕೊಳ್ಳುವ ವಯಸ್ಸಾದವರನ್ನು ಎಲ್ಲರೂ ತೂಕದವರು ಅನ್ನುತ್ತಾರೆ. ಇವರು ಈಗ ಪ್ರತಿ ಶನಿವಾರ ನನ್ನನ್ನು ಅದರ ಮೇಲೆ ನಿಲ್ಲಿಸುತ್ತಾರೆ. "ತೂಕ ಮಾಡದೆ ನನ್ನ ಅಂಗಳಕ್ಕೆ ಯಾವುದೂ ಬರಲ್ಲ, ಹೋಗಲ್ಲ" ಅನ್ನುತ್ತಾರೆ. ತೂಕದವರು ಕೂಗಿ ಹೇಳಬೇಕು. ಅವರು ಪಾಪ ಗೊಣಗಿದರು. "ಗಂಟಲಲ್ಲಿ ಏನಿದೆ? ಜೋರಾಗಿ!" ಅಂದರು ಇವರು. "ತೊಂಬತ್ತೊಂದು" ಅಂದರು ತೂಕದವರು. ಕೆಲಸದವರೆಲ್ಲ ಕಬ್ಬಿಣದ ಕಡೆ ಮುಖ ತಿರುಗಿಸಿಕೊಂಡರು. ನಾನು "ಹಳೆ ಕಬ್ಬಿಣದ ರೇಟೋ ತಾಮ್ರದ ರೇಟೋ?" ಅಂದೆ. ಒಬ್ಬ ನಕ್ಕ. ಇವರು ನಗಲಿಲ್ಲ.

ರಾಶಿಯ ಹತ್ತಿರ ಎಡವಿ ಬಿದ್ದು ತುಟಿ ಸ್ವಲ್ಪ ಒಡೆದಿದೆ. ಗಾಬರಿಯಾಗಬೇಡ. ಕೂಸಿಗೆ ಏನೂ ಆಗಿಲ್ಲ.

ನಿನ್ನ ದಿಂಬು


ಫೆಬ್ರವರಿ ೨೬

ನನ್ನ ದಿಂಬೇ,

ಎಡವುವುದು ನಿನಗೆ ಹೊಸದಲ್ಲ. ಕಾಲ ಕೆಳಗೆ ನೋಡಲು ಹೊಟ್ಟೆ ಬಿಡಬೇಕಲ್ಲ.

ಡಾಕ್ಟರಮ್ಮನ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ಮಾಸು ಅಂದರೆ ಏನು? ಕೂಸಿನ ಹಾಸಿಗೆ. ಹಾಸಿಗೆಗೆ ಹತ್ತಿ ಮಿತಿಮೀರಿ ತುರುಕಿದರೆ ಏನಾಗುತ್ತದೆ ಅಂತ ನನಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿಲ್ಲ. ಗಂಟು ಕಟ್ಟುತ್ತದೆ. ನೋಡಲು ದಪ್ಪ, ಮಲಗಿದರೆ ಬೆನ್ನಿಗೆ ಚುಚ್ಚು. ಗಿರಾಕಿ ತಂದು ಎಸೆದು ಹೋಗುತ್ತಾನೆ. ಆಗ ಮಾಡುವ ಕೆಲಸ ಒಂದೇ. ಅಂಚಿನ ಹೊಲಿಗೆ ಬಿಚ್ಚು, ಮೊಣಕೈವರೆಗೆ ಕೈ ಹಾಕು, ಹೆಚ್ಚಾದ ಹತ್ತಿ ಕಿತ್ತು ಹೊರಗೆ ಹಾಕು. ಹಾಸಿಗೆ ಮೆತ್ತಗಾಗುತ್ತದೆ.

ಆದ್ದರಿಂದ ಈ ಹೊತ್ತಿನಿಂದ ಅರ್ಧ ತಟ್ಟೆ. ಬೆಳಗ್ಗೆ ಹಾಲು ಬಿಡು. ಸಂಜೆ ಏನೂ ಬೇಡ. ಅಳಿಯ ತಕ್ಕಡಿ ಹತ್ತಿಸುತ್ತಾನೆ ಅಂತ ನೀನು ಮೂತಿ ಉಬ್ಬಿಸಬೇಡ. ನಿನ್ನ ಮೇಲೆ ಅಷ್ಟು ಕಣ್ಣಿಟ್ಟಿದ್ದಾನಲ್ಲ, ಸಂತೋಷಪಡು. ನಿನ್ನ ತಾತ ನಾನು ಬಸುರಿ ಅಂತ ತಿಳಿದದ್ದೇ ಕೂಸು ಅತ್ತಾಗ.

ಈ ಲಕೋಟೆಯಲ್ಲಿ ಮಡಿಸಿದ ಇನ್ನೊಂದು ಚೀಟಿ ಇದೆ. ಅದು ಅಳಿಯನಿಗೆ. ನೀನು ಓದಬೇಡ, ಹಾಗೆಯೇ ಕೊಡು.

ಅಜ್ಜಿ


ಮಾರ್ಚ್ ೨೦

ಅಜ್ಜೀ,

ಚೀಟಿ ಕೊಟ್ಟೆ. ಇವರಿಗೆ ಬಹಳ ಹಿಡಿಸಿತು.

ತೂಕ ಇಳಿಯುತ್ತಿದೆ. ಊಟ ನೀನು ಹೇಳಿದ್ದಕ್ಕಿಂತಲೂ ಕಡಿಮೆ. ತುಂಬ ಬರೆಯಲು ಆಗುತ್ತಿಲ್ಲ, ಬೆರಳು ನೋಯುತ್ತದೆ. ಮುಂದಿನ ಹಲ್ಲು ಒಂದು ಮುರಿಯಿತು, ಒಣಗಿದ ಬ್ರೆಡ್ಡು ಕಚ್ಚಿದೆ.

ಒಂದು ಚಿಕ್ಕ ದಿಂಬು ಹೊಲಿದು ಕಳಿಸುತ್ತೀಯಾ? ಮೆತ್ತಗಿರಲಿ. ಎಡಮಗ್ಗುಲಿಗೆ ಮಲಗು ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆ ಕಡೆಯ ಪಕ್ಕೆಲುಬು ಯಾಕೋ ನೋಯುತ್ತಿದೆ.

ದಿಂಬು


ಮಾರ್ಚ್ ೨೯

ನನ್ನ ದಿಂಬೇ,

ಒಣ ಬ್ರೆಡ್ಡಂತೆ! ಯಾರ ಡಬ್ಬಿಗೆ ಕೈ ಹಾಕಿದ್ದೆ ಕಳ್ಳೀ? ಏಳು ವರ್ಷದವಳಿದ್ದಾಗ ಹತ್ತಿಯ ಮೂಟೆಯ ಹಿಂದೆ ಕೂತು ಬೆಲ್ಲ ತಿನ್ನುತ್ತಿದ್ದೆ, ಮುಖಕ್ಕೆಲ್ಲ ಹತ್ತಿ ಅಂಟಿಕೊಂಡು ಮುದುಕಿಯ ಹಾಗೆ ಹೊರಗೆ ಬರುತ್ತಿದ್ದೆ. ಆಗಲೂ "ನಾನೇನೂ ತಿಂದಿಲ್ಲ ಅಜ್ಜಿ" ಅನ್ನುತ್ತಿದ್ದೆ. ಈಗ ಹಲ್ಲೇ ಸಾಕ್ಷಿ ಹೇಳಿತು ನೋಡು.

ತೂಕ ಇಳಿದದ್ದಕ್ಕೆ ಭೇಷ್. ನನ್ನ ಮಾತು ಕೇಳಿದರೆ ಕೆಡುಕಿಲ್ಲ. ದಿಂಬು ಹೊಲಿಯುತ್ತಿದ್ದೇನೆ. ಒಳ್ಳೆಯ ಎಳೆ ಹತ್ತಿ ತೆಗೆದಿಟ್ಟಿದ್ದೇನೆ, ಬೀಜದ ಚೂರು ಒಂದೂ ಇರದ ಹಾಗೆ ಹಿಂಜಿದ್ದೇನೆ. ಪಕ್ಕೆಲುಬು ನೋಯುವುದು ಕೂಸು ಒದೆಯುವುದರಿಂದ. ಒದೆಯಲಿ. ಒದೆಯುವ ಕೂಸು ಗಟ್ಟಿ.

ಬೆರಳು ಯಾಕೆ ನೋಯುತ್ತದೆ ಅಂತ ಬರೆಯಲಿಲ್ಲ. ಬರೆ.

ಅಜ್ಜಿ


ಏಪ್ರಿಲ್ ೨೫

ದಿಂಬೇ,

ದಿಂಬು ಬಂತೋ ಇಲ್ಲವೋ? ಕಳಿಸಿ ಎಷ್ಟು ದಿನವಾಯಿತು. ಅಜ್ಜಿಯ ಮೇಲೆ ಸಿಟ್ಟೇ? ಹಸಿದವರಿಗೆ ಸಿಟ್ಟು ಬೇಗ ಬರುತ್ತದೆ, ಗೊತ್ತು. ಆದರೆ ನಿನ್ನ ಸಿಟ್ಟು ಯಾವತ್ತೂ ಒಂದು ಹೊತ್ತಿನ ಊಟ ದಾಟಿ ಹೋದದ್ದಿಲ್ಲ.

ಬೀಗ ರಿಪೇರಿಯವನಿಂದ ನಿನಗೆ ಫೋನು ಮಾಡಿಸಿದೆ. ಅಳಿಯ ತೆಗೆದನಂತೆ. "ಮಲಗಿದ್ದಾಳೆ" ಅಂದನಂತೆ. ಹಿಂದೆ ಹೆಂಗಸು ಅಳುವ ಸದ್ದು ಕೇಳಿಸಿತಂತೆ. "ಟೀವಿ ಇರಬೇಕು ಅಜ್ಜಿ" ಅಂದ ಇವನು. ಇವನು ಬೀಗ ಬಿಟ್ಟು ಬೇರೆ ಯಾವುದರ ಒಳಗೂ ಇಣುಕುವವನಲ್ಲ.

ಎರಡು ಸಾಲು ಬರೆ. ಬೈದೇ ಬರೆ.

ಅಜ್ಜಿ


ಮೇ ೪

ಅಜ್ಜಿ,

ಇದನ್ನು ಡಾಕ್ಟರಮ್ಮನ ಕೋಣೆಯಲ್ಲಿ, ಪರದೆಯ ಹಿಂದೆ ಕೂತು ಬರೆಯುತ್ತಿದ್ದೇನೆ. ನನ್ನ ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಇಷ್ಟು ದಿನ ನನ್ನ ಕಾಗದಗಳನ್ನು ಅವರೇ ಓದಿ ಅಂಟಿಸುತ್ತಿದ್ದರು. ಇದನ್ನು ಡಾಕ್ಟರಮ್ಮ ಅಂಚೆಗೆ ಹಾಕುತ್ತಾರೆ. ಉತ್ತರ ಬರೆದರೆ ಇಲ್ಲಿಯ ವಿಳಾಸಕ್ಕೇ ಬರೆ. ಮನೆಗೆ ಏನೂ ಬರೆಯಬೇಡ.

ಎಡವಿ ಬಿದ್ದದ್ದು ಸುಳ್ಳು. ಬ್ರೆಡ್ಡು ಸುಳ್ಳು. ಹಲ್ಲು ಮುರಿದದ್ದು ಗೇಟಿನ ಬೀಗದಿಂದ, ಅದನ್ನು ಮುಷ್ಟಿಯಲ್ಲಿ ಹಿಡಿದು ಹೊಡೆದರು. ತಕ್ಕಡಿಯ ಮೇಲೆ ತೂಕ ಇಳಿದಿರಲಿಲ್ಲ ಅಂತ. ಆಮೇಲೆ ಅಡುಗೆಮನೆಗೆ ಸರಪಳಿ ಬಿತ್ತು. ತೂಕದವರು ತಮ್ಮ ಡಬ್ಬಿಯಿಂದ ಅರ್ಧ ಬ್ರೆಡ್ಡು, ಒಂದು ಮೊಟ್ಟೆ ನನಗೆ ಕೊಟ್ಟರು. ಅದು ಗೊತ್ತಾಗಿ ಅವರ ಕೈ ಮೇಲೆ ಕಬ್ಬಿಣದ ಕೊಳವೆ ಬಿತ್ತು. ತಡೆಯಲು ಹೋದ ನನ್ನ ಬೆರಳ ಮೇಲೂ ಬಿತ್ತು. ಆ ಮುದುಕರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಮಾರನೇ ದಿನ ಕೆಲಸಕ್ಕೆ ಬಂದರು, ನನ್ನ ಮುಖ ನೋಡಿ "ಮೊಟ್ಟೆ ಬೆಂದಿತ್ತೇನಮ್ಮ?" ಅಂದರು.

ನಿನ್ನ ಚೀಟಿಯನ್ನು ನನ್ನ ಗಂಡ ತಕ್ಕಡಿಯ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ನೀನು ಓದಬೇಡ ಅಂದಿದ್ದೆ. ನಾನು ಪ್ರತಿ ಶನಿವಾರ ಓದುತ್ತೇನೆ. "ಇವಳ ಬಾಯಿಗೆ ಬೀಗ ಹಾಕು. ಅತ್ತರೆ ಕರಗಬೇಡ, ಚಿಕ್ಕಂದಿನಿಂದ ಇವಳದು ನಾಟಕ. ನಾನು ಹತ್ತಿ ಬಡಿದ ಹಾಗೆ ಬಡಿದರೂ ಸರಿಯೇ, ಹಗುರ ಮಾಡು." ತಮಾಷೆಗೆ ಬರೆದೆ ಅಂತ ನನಗೆ ಗೊತ್ತು ಅಜ್ಜಿ. ನಿನ್ನ ಬಾಯಿ ನನಗೆ ಗೊತ್ತಿಲ್ಲವೇ. ಅವರು ಅದನ್ನು ಗಟ್ಟಿಯಾಗಿ ಓದಿ ಆಮೇಲೆ ಕೈ ಎತ್ತುತ್ತಾರೆ. "ನಾನಲ್ಲ ಕಣೇ, ನಿಮ್ಮಜ್ಜಿ ಹೊಡೀತಿರೋದು" ಅನ್ನುತ್ತಾರೆ. "ಎಲ್ಲಿ, ದಿಂಬು ಧೂಳು ಬಿಡ್ತಾ ನೋಡೋಣ" ಅನ್ನುತ್ತಾರೆ.

ಇವತ್ತು ಡಾಕ್ಟರಮ್ಮ ನನ್ನ ಹೊಟ್ಟೆ ಅಳೆದು ಬೆಚ್ಚಿದರು. "ಯಾರಮ್ಮ ನಿನಗೆ ಊಟ ಬಿಡು ಅಂದಿದ್ದು? ನನ್ನ ಮಾತು ಪೂರ್ತಿ ಕೇಳದೆ ಎದ್ದು ಹೋದ್ರಿ. ಮುಂಚಿನ ತೂಕ ಮಾಡಬೇಕಾದ್ದನ್ನ ಮಾಸಿಗೆ ಆಗ್ಲೇ ಮಾಡಿಯಾಗಿದೆ. ಈಗ ಉಪವಾಸ ಬಿದ್ರೆ ಅದು ಸರಿಹೋಗಲ್ಲ. ಕಷ್ಟಪಟ್ಟು ಕೆಲಸ ಮಾಡ್ತಿರೋ ಮಾಸು ಅದು, ಅದಕ್ಕೆ ಬರೋದನ್ನೂ ಕಿತ್ಕೊಂಡ್ರೆ ಮಗು ಏನು ತಿನ್ನಬೇಕು? ನಿನಗಿಂತ ದಪ್ಪ ಇರೋರು ನನ್ನ ಕೈಯಲ್ಲಿ ಗಟ್ಟಿ ಮಕ್ಕಳನ್ನ ಹೆತ್ತಿದ್ದಾರೆ. ಸರಿಯಾಗಿ ತಿಂದು, ನಡೆದಾಡಿ, ಬಿಪಿ ನೋಡಿಸ್ಕೊಂಡು." ಕೂಸು ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲವಂತೆ.

ನನ್ನ ಬೆನ್ನನ್ನೂ ನೋಡಿದರು. ಪೊಲೀಸರಿಗೆ ಹೇಳುತ್ತೇನೆ ಅಂದರು. ಹೆರಿಗೆ ಆಗಲಿ ಅಂತ ಕಾಲು ಹಿಡಿದೆ. ಗೇಟಿಗೆ ಬೀಗ ಇರುವ ಮನೆಗೇ ನಾನು ತಿರುಗಿ ಹೋಗಬೇಕಲ್ಲ.

ಅಜ್ಜಿ, ನೀನು ಒಂದೇ ಒಂದು ಕೆಲಸ ಮಾಡು. ಮನೆಗೆ ಬೇರೆ ಏನೂ ಬೇಡ, ನನ್ನ ಗಂಡನಿಗೆ ಇನ್ನೊಂದು ಚೀಟಿ ಮಾತ್ರ ಬರೆ. ನಯವಾಗಿ ಬರೆ. ಆಗ ನನಗೆ ತಿಳಿಯಲಿಲ್ಲ, ಈಗ ಕೂಸಿಗಾಗಿ ಅವಳಿಗೆ ತಿನ್ನಲು ಕೊಡಪ್ಪ ಅಂತ. ನಾನು ಹೇಳಿದೆ ಅಂತ ಬರೆಯಬೇಡ. ನಿನ್ನ ಮೊದಲ ಚೀಟಿಯನ್ನು ಕೇಳಿದವರು ಎರಡನೆಯದನ್ನೂ ಕೇಳಬಹುದು. ಚೀಟಿ ಸಾಕು. ನೀನು ಬರಬೇಡ.

ನಿನ್ನ ದಿಂಬು ಬಂತು. ಅದನ್ನು ಸೀಳಿ, ಒಳಗೆ ತಿಂಡಿ ಇದೆಯಾ ಅಂತ ಹುಡುಕಿದರು. ಹತ್ತಿಯನ್ನು ಒಟ್ಟುಗೂಡಿಸಿ ಹೊಟ್ಟೆಯ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ. ಮೆತ್ತಗಿದೆ.


ಮೇ ೯

ಮಗಳೇ,

ನಿನ್ನ ಕಾಗದ ಓದುವಾಗ ಹಾಸಿಗೆ ಹೊಲಿಯುವ ದಬ್ಬಳ ಅಂಗೈಗೆ ಇಳಿದದ್ದು ರಕ್ತ ದಿಂಬಿನ ಗವಸಿಗೆ ತಾಗಿದಮೇಲೆ ಗೊತ್ತಾಯಿತು.

ಕೂಸು ಮಲಗಿರುವ ಹಾಸಿಗೆಯ ಹೊಲಿಗೆಯನ್ನು ಯಾರಾದರೂ ಬಿಚ್ಚುತ್ತಾರೆಯೇ. ಜೀವಮಾನವೆಲ್ಲ ಹಾಸಿಗೆ ಹೊಲಿದವಳಿಗೆ ಇಷ್ಟು ತೋಚಲಿಲ್ಲ. ನಾನು ಬಿಚ್ಚುವುದು ಅಂಗಡಿಗೆ ಬಂದ ಬರೀ ಹಾಸಿಗೆ. ನಿನ್ನದರ ಮೇಲೆ ಕೂಸಿತ್ತು.

ತಿನ್ನು. ಕದ್ದು ತಿನ್ನು, ಬೇಡಿ ತಿನ್ನು.

ಅವನಿಗೆ ಬೇರೆ ಬರೆದು ಹಾಕಿದ್ದೇನೆ. ಏನು ಬರೆದೆ ಅಂತ ಕೇಳಬೇಡ. ಮುಂದಿನ ವಾರದ ಬಸ್ಸಿಗೆ ಟಿಕೇಟು ತೆಗೆಸಿದ್ದೇನೆ, ಅದಕ್ಕೆ ಮುಂಚೆ ಜಾಗ ಇಲ್ಲವಂತೆ. ನೀನು ಬೇಡ ಅಂದರೆ ನಿಲ್ಲುವ ಕಾಲಲ್ಲ ಇದು.

ಅಜ್ಜಿ


ಮೇ ೨೧

ಮಗಳೇ,

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಎಡಗೈ ಬರಹ. ಬಲಗೈ ಮಣಿಕಟ್ಟು ಮುರಿದಿದೆ. ಠಾಣೆಯ ಒಳಕೋಣೆಯಲ್ಲಿದ್ದೇನೆ. ಇಲ್ಲಿಯ ಹೆಣ್ಣು ಪೊಲೀಸಿನವಳು ಪೆನ್ನು ಕೊಟ್ಟಿದ್ದಾಳೆ. ಬೇರೆಯವರ ಬಾಯಿಂದ ನಿನಗೆ ತಿಳಿಯುವ ಮುಂಚೆ ನಾನೇ ಹೇಳುತ್ತೇನೆ.

ಗೇಟಿನ ಹತ್ತಿರ ಇಳಿದಾಗ ತೂಕದವರು ಒಬ್ಬರೇ ಕೂತಿದ್ದರು. ಬೆರಳಿಗೆ ಬಟ್ಟೆ ಸುತ್ತಿತ್ತು, ಅದರಿಂದಲೇ ಗುರುತು ಹಿಡಿದೆ. "ನೀವಾ ಅಜ್ಜಿ? ನಿಮ್ಮ ಕಾಗದ ಬಂತು, ನೀವು ತಡವಾಗಿ ಬಂದ್ರಿ" ಅಂತ ನನ್ನ ಕಿವಿಯ ಹತ್ತಿರ ಹೇಳಿದರು. ಅವನಿಗೆ ನಾನು ಬರೆದದ್ದು ಇಷ್ಟು: ಬರುತ್ತಿದ್ದೇನೆ, ನಿನ್ನ ಚರ್ಮ ಸುಲಿದು ಗವಸು ಹೊಲಿಯುತ್ತೇನೆ, ನನ್ನ ಮೊಮ್ಮಗಳು ಎಲ್ಲ ಹೇಳಿದ್ದಾಳೆ. ಅವನು ಅದನ್ನು ಯಂತ್ರ ನಿಲ್ಲಿಸಿ ಎಲ್ಲರಿಗೂ ಓದಿ ಹೇಳಿದನಂತೆ. ನಿನ್ನನ್ನು ಕೂದಲು ಹಿಡಿದು ತಕ್ಕಡಿಗೆ ಎಳೆದು ತಂದನಂತೆ. "ನಿಮ್ಮಜ್ಜಿ ಬರ್ತಾಳಂತೆ. ಬರೋದ್ರೊಳಗೆ ಹಗುರ ಆಗಿಬಿಡು" ಅಂದನಂತೆ. ಕಬ್ಬಿಣದ ಮೂತಿಯ ಬೂಟು ಅಂತ ಹೇಳುವಾಗ ತೂಕದವರು ನನ್ನ ಮುಖ ನೋಡಲಿಲ್ಲ. ನಿನ್ನನ್ನು ಗುಜರಿ ಲಾರಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದು ಕೆಲಸದವರು.

ಆಸ್ಪತ್ರೆಯಲ್ಲಿ ನೀನು ಎಚ್ಚರವಿಲ್ಲದೆ ಮಲಗಿದ್ದೆ. ಒಳಗೆ ಬಿಡಲಿಲ್ಲ. ಡಾಕ್ಟರಮ್ಮ ನನ್ನನ್ನು ಮೂಲೆಗೆ ಕರೆದು ಬಲಗಿವಿಗೆ ಹೇಳಿದರು. ಅವನು ಅವರ ಎದುರಿಗೇ ಬಂದು "ನೀವೇ ಹೇಳಿದ್ರಲ್ಲ ಮೇಡಂ, ಇವಳ ತೂಕಕ್ಕೆ ಮಾಸು ಕೆಟ್ಟಿದೆ ಅಂತ" ಅಂದನಂತೆ. "ಕೆಟ್ಟಿದೆ ಅಂದಿಲ್ಲ, ಕಷ್ಟಪಡ್ತಿದೆ ಅಂದೆ. ತೂಕಕ್ಕೆ ಹೊಟ್ಟೆ ಮೇಲೆ ಬೂಟಿನ ಗುರುತು ಮೂಡಲ್ಲ" ಅಂದರಂತೆ ಇವರು. ಒದೆತಕ್ಕೆ ಮಾಸು ಅರ್ಧ ಕಿತ್ತುಬಂದು, ಅದರ ಹಿಂದೆ ರಕ್ತ ಕಪ್ಪಗೆ ಹೆಪ್ಪುಗಟ್ಟಿತ್ತಂತೆ. ಉಳಿದ ಅರ್ಧ ಮಾತ್ರ ಬಿಡದೆ ಹಿಡಿದುಕೊಂಡಿತ್ತಂತೆ. ಹೊಟ್ಟೆ ಕುಯ್ದು ತೆಗೆಯುವವರೆಗೆ ಕೂಸು ಆ ಅರ್ಧದಲ್ಲೇ ಜೀವ ಹಿಡಿದಿತ್ತಂತೆ. ನಾವೆಲ್ಲ ಸೇರಿ ಬೈದ ಮಾಸು ಅದು.

ಅಲ್ಲಿಂದ ನೆಟ್ಟಗೆ ಅವನ ಮನೆಗೆ ಹೋದೆ. ಮಧ್ಯಾಹ್ನ. ಅವನು ಕುಡಿದು ಮಲಗಿದ್ದ, ನಿಮ್ಮ ಮದುವೆಗೆ ನಾನು ಹೊಲಿದು ಕೊಟ್ಟ ಹಾಸಿಗೆಯ ಮೇಲೆ. ಚೀಲದಲ್ಲಿ ದಬ್ಬಳ ಇತ್ತು, ಗೋಣಿದಾರ ಇತ್ತು, ಕೈಯಲ್ಲಿ ಹತ್ತಿ ಬಡಿಯುವ ಕೋಲು ಇತ್ತು. ಮೈಮೇಲಿನ ದಪ್ಪ ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದು ಹಾಸಿಗೆಯ ಅಂಚಿಗೆ ಸೇರಿಸಿ ಹೊಲಿದೆ. ಕಾಲಿನ ಕಡೆಯಿಂದ ಶುರು ಮಾಡಿದೆ, ಗಟ್ಟಿ ಹೊಲಿಗೆ, ಒಂದೊಂದಕ್ಕೂ ಗಂಟು. ಬಲಭುಜದ ಹತ್ತಿರ ಬರುವಾಗ ಕಣ್ಣು ಬಿಟ್ಟ. "ಏಯ್ ಮುದುಕಿ, ಏನ್ ಮಾಡ್ತಿದ್ದೀಯ?" ಅಂದ. "ಚೀಟಿಯಲ್ಲಿ ಬರೆದಿದ್ದೆನಲ್ಲಪ್ಪ, ಹತ್ತಿ ಬಡಿದ ಹಾಗೆ ಅಂತ" ಅಂದೆ.

ಕೋಲು ಎತ್ತಿದಮೇಲೆ ನನಗೆ ಏನೂ ಕೇಳಿಸಲಿಲ್ಲ. ಮೊದಲ ಸಲ ನನ್ನ ಕಿವುಡು ನನಗೆ ಉಪಕಾರ ಮಾಡಿತು. ಭುಜದ ಮೂಳೆ ಮುರಿದದ್ದು ಕೈಗೆ ಗೊತ್ತಾಯಿತು. ಹೊದಿಕೆ ಒದ್ದೆಯಾಯಿತು, ಕೆಂಪಗೂ ಆಯಿತು, ಹಳದಿಯೂ ಆಯಿತು. ಹೊಲಿಯದೆ ಬಿಟ್ಟ ಕಡೆಯಿಂದ ಅವನು ತೋಳು ಹೊರಗೆಳೆದು ನನ್ನ ಮಣಿಕಟ್ಟು ತಿರುಚಿದ. ನಾನು ಕೋಲನ್ನು ಎಡಗೈಗೆ ತೆಗೆದುಕೊಂಡೆ. ಕೆಲಸದವರು ಬಾಗಿಲಲ್ಲಿ ನಿಂತಿದ್ದರು, ಯಾರೂ ಒಳಗೆ ಕಾಲಿಡಲಿಲ್ಲ. ಕೊನೆಗೆ ಬಂದು ಕೋಲು ಹಿಡಿದದ್ದು ತೂಕದವರೇ. "ಸಾಕು ಅಜ್ಜಿ, ಇನ್ನೂ ಹೊಡೆದ್ರೆ ನಿಮಗೂ ಇವನಿಗೂ ವ್ಯತ್ಯಾಸ ಇರಲ್ಲ" ಅಂದರು. ನನಗೆ ಆ ಮಾತು ಹಿಡಿಸಲಿಲ್ಲ.

ಗೋಡೆಯ ಚೀಟಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡು ನುಂಗಿದೆ. ಪೊಲೀಸರು ಹುಚ್ಚಿ ಅಂದುಕೊಂಡರು.

ಬಿಟ್ಟಮೇಲೆ ನಿನ್ನನ್ನು, ಕೂಸನ್ನು ಕರೆದುಕೊಂಡು ಹೋಗುತ್ತೇನೆ. ಅಂಗಡಿಯ ಮೇಲಿನ ಕೋಣೆ ಗುಡಿಸಿಡಲು ಬೀಗದವನಿಗೆ ಹೇಳಿ ಬಂದಿದ್ದೇನೆ.

ಅಜ್ಜಿ


ಜೂನ್ ೪

ಅಜ್ಜಿ,

ನಿನ್ನ ಕಾಗದವನ್ನು ಮೂರು ದಿನ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ನಿನ್ನ ದಿಂಬಲ್ಲ, ಆಸ್ಪತ್ರೆಯದು.

ನೀನು ಹೊಡೆದದ್ದನ್ನು ಓದುವಾಗ ನನಗೆ ಖುಷಿಯಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ, ಸುಳ್ಳು ಹೇಳುವುದಿಲ್ಲ. ಆಮೇಲೆ ಅವನು ವಾರ್ಡಿಗೆ ಬಂದ. ಗಾಲಿಕುರ್ಚಿ, ಭುಜಕ್ಕೆ ಬಿಳಿ ಪಟ್ಟಿ, ಪಕ್ಕದಲ್ಲಿ ಪೊಲೀಸರು. "ಈ ಮನೆತನವೇ ಹೊಡೆದಾಟದ್ದು ಸಾರ್, ಇವಳೂ ಹಾಗೇ, ತಾನೇ ಬಿದ್ದುಕೊಂಡು ನನ್ನ ಮೇಲೆ ಹಾಕ್ತಾಳೆ" ಅಂತ ಅತ್ತ. ಎಲ್ಲರೂ ಅವನ ಪಟ್ಟಿಯನ್ನೇ ನೋಡಿದರು. ನನ್ನ ಗುರುತುಗಳು ಬಟ್ಟೆಯ ಒಳಗಿದ್ದವು, ಬಣ್ಣವೂ ಇಳಿದಿತ್ತು. "ಎರಡೂ ಕಡೆ ತಪ್ಪಿದೆಯಲ್ಲಮ್ಮ, ರಾಜಿ ಮಾಡ್ಕೊಳ್ಳಿ" ಅಂದರು ಪೊಲೀಸರು. ಅವನನ್ನು ಒಳಗೆ ಹಾಕಿಸಿದ್ದು ನಿನ್ನ ಕೋಲಲ್ಲ. ಡಾಕ್ಟರಮ್ಮ ಬೂಟಿನ ಗುರುತಿನ ಫೋಟೊ ತೆಗೆದಿಟ್ಟಿದ್ದರು. ತೂಕದವರು ಆ ಮುರಿದ ಬೆರಳಿನಲ್ಲೇ ಹೇಳಿಕೆಗೆ ಸಹಿ ಹಾಕಿದರು. "ಇಷ್ಟು ದಿನ ಇವಳ ತೂಕ ಕೂಗಿದೆ, ಇವತ್ತು ಇದನ್ನೂ ಕೂಗ್ತೀನಿ" ಅಂದರಂತೆ. ಕೆಲಸ ಹೋಯಿತು.

ನಾನು ನಿನ್ನನ್ನು ಕೇಳಿದ್ದು ಒಂದು ನಯವಾದ ಚೀಟಿ. ಮನೆಗೆ ಬೇರೆ ಏನೂ ಬರೆಯಬೇಡ ಅಂತಲೂ ಬರೆದಿದ್ದೆ. ನೀನು ನನ್ನ ಹೆಸರು ಹೇಳಿ ಬೆದರಿಕೆ ಕಳಿಸಿದೆ. ಎರಡು ಸಲ ಬರೆದೆ ಅಜ್ಜಿ. ಎರಡು ಸಲವೂ ನಿನ್ನ ಮಾತು ನನಗಿಂತ ಮುಂಚೆ ಅವನ ಕೈ ಸೇರಿತು. ನನಗೆ ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆದರೆ ಯಾರಾದರೂ ಕೋಲು ಎತ್ತಿದ್ದಾರೆ ಅಂದರೆ ಸಾಕು, ಯಾರ ಮೇಲೆ ಅಂತ ಕೇಳುವ ಮುಂಚೆಯೇ ನನ್ನ ಮೈ ಮುದುಡಿಕೊಳ್ಳುತ್ತದೆ. ನಿನ್ನ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಅದೇ ಸದ್ದು.

ಆದ್ದರಿಂದ ನಾನು ಬರುವುದಿಲ್ಲ. ಇಲ್ಲಿಯ ನರ್ಸು ಒಬ್ಬರ ಮನೆಯಲ್ಲಿ ಕೋಣೆ ಸಿಕ್ಕಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಕೊಡಿಸುತ್ತೇನೆ ಅಂದಿದ್ದಾರೆ.

ಕೂಸು ಇನ್ನೂ ಗಾಜಿನ ಪೆಟ್ಟಿಗೆಯಲ್ಲಿದೆ. ಹೆಣ್ಣು. ಮೊನ್ನೆ ನನ್ನ ಬೆರಳು ಹಿಡಿಯಿತು, ಆ ಸೊಟ್ಟ ಬೆರಳನ್ನೇ. ಎಷ್ಟು ತೂ— ಅಂತ ನೀನು ಬರೆಯಲು ಪೆನ್ನು ಎತ್ತಿರುತ್ತೀಯ. ಎತ್ತಬೇಡ. ನೀನು ಮೊದಲ ಕಾಗದದಲ್ಲಿ ಕೇಳಿದ್ದೂ ಅದನ್ನೇ, ಅವನು ಶನಿವಾರ ಶನಿವಾರ ಕೇಳಿದ್ದೂ ಅದನ್ನೇ. ಡಾಕ್ಟರಮ್ಮನಿಗೆ ಆ ಲೆಕ್ಕ ಬೇಕು, ಅವರು ಬರೆದುಕೊಳ್ಳುತ್ತಾರೆ. ನನ್ನ ಮಗಳ ತೂಕವನ್ನು ನಾನು ಯಾರಿಗೂ ಕೂಗಿ ಹೇಳುವುದಿಲ್ಲ.

ನಿನ್ನ ಮೊಮ್ಮಗಳು


ಜೂನ್ ೧೮

ಮಗಳೇ,

ನನ್ನನ್ನು ಜಾಮೀನಿನ ಮೇಲೆ ಬಿಟ್ಟರು. ಬೀಗದವನು ಬಂದು ಸಹಿ ಹಾಕಿದ. ಠಾಣೆಯ ಬೀಗ ನೋಡಿ "ಇದು ಸುಮಾರಾಗಿದೆ ಅಜ್ಜಿ" ಅಂದ. ನನಗೆ ನಗು ಬರಲಿಲ್ಲ, ಅವನಿಗೆ ಬೇಸರವಾಗಬಾರದು ಅಂತ ನಕ್ಕೆ.

ನೀನು ಬರೆದದ್ದಕ್ಕೆಲ್ಲ ನನ್ನ ಹತ್ತಿರ ಉತ್ತರ ಇತ್ತು. ಬಾಯಿ ತುಂಬ ಇತ್ತು. ಮೂರು ಸಲ ಬರೆದೆ, ಮೂರು ಸಲವೂ ಹರಿದೆ. ನಾಲ್ಕನೆಯದು ಇದು.

ತೂಕದವರು ಈಗ ನನ್ನ ಅಂಗಡಿಯಲ್ಲಿದ್ದಾರೆ. ಕೆಲಸ ಹೋಯಿತು ಅಂತ ನೀನು ಬರೆದಿದ್ದೆಯಲ್ಲ, ಕರೆಸಿಕೊಂಡೆ. ಹತ್ತಿ ತೂಗುತ್ತಾರೆ, ಎಷ್ಟಾಯಿತು ಅಂತ ಬಾಯಿ ಬಿಡುವುದಿಲ್ಲ, ಬೆರಳು ಮಡಿಸಿ ತೋರಿಸುತ್ತಾರೆ. ಇಲ್ಲಿ ಉಳಿದಿದ್ದ ಕೋಲನ್ನು ಅಟ್ಟಕ್ಕೆ ಹಾಕಿದ್ದೇನೆ. ಈಗ ಕೂತು ಕೈಯಲ್ಲೇ ಹಿಂಜುತ್ತೇನೆ, ನಿಧಾನ. ಸದ್ದಿಲ್ಲ. ನೀನು ಬರಲಿ ಅಂತ ಹೇಳುತ್ತಿಲ್ಲ, ಸದ್ದಿಲ್ಲ ಅಂತ ಅಷ್ಟೇ ಹೇಳಿದೆ.

ಬಲಗೈ ಇನ್ನೂ ಕೂಡಿಲ್ಲ. ಎಡಗೈಯಲ್ಲಿ ಹೊಲಿಯುವುದನ್ನು ಕಲಿಯುತ್ತಿದ್ದೇನೆ, ಈ ವಯಸ್ಸಿನಲ್ಲಿ. ಮೊದಲ ಹೊಲಿಗೆ ಸೊಟ್ಟ. ಎರಡನೆಯದು ಅಷ್ಟು ಸೊಟ್ಟವಲ್ಲ.

ಕೂಸು ಎಷ್ಟು ಉದ್ದ ಇದೆ ಅಂತ ಮಾತ್ರ ಬರೆ. ಬರೆಯಲು ಮನಸ್ಸಿಲ್ಲದಿದ್ದರೆ ಬೇಡ. ಅಂದಾಜಿನ ಮೇಲೆ ಪುಟ್ಟ ಹಾಸಿಗೆ ಹೊಲಿಯುತ್ತೇನೆ, ಬೆಳೆಯಲು ಜಾಗ ಬಿಟ್ಟು.

ಅಜ್ಜಿ